ಮೊದಲ ಮಾತು ಹೇಳಿಕೊಟ್ಟವರು

ಮೊಸರು ಮಾಡಲು ಏನು ಬೇಕು ಎಂದು ಯಾರಾದರೂ ಕೇಳಿದರೆ ನಾವು ತಟ್ಟನೆ ಹಾಲು ಎನ್ನುತ್ತೇವೆ. ಆದರೆ ಕಾಯಿಸಿದ ಹಾಲನ್ನು ಹಾಗೇ ಮುಚ್ಚಿಟ್ಟರೆ ಅದು ಕೆಟ್ಟೀತೇ ಹೊರತು ಗಟ್ಟಿ ಮೊಸರಾಗುವುದಿಲ್ಲ. ಅದಕ್ಕೊಂದು ಚಮಚ ಹೆಪ್ಪು ಬೇಕು. ಮೊಸರು ಮಾಡಲು ಮೊಸರೇ ಬೇಕು! ಆ ಹೆಪ್ಪು ನಿನ್ನೆಯ ಮೊಸರಿನಿಂದ ಬಂತು, ನಿನ್ನೆಯದು ಮೊನ್ನೆಯದರಿಂದ. ಹೀಗೆ ಹಿಂದೆ ಹಿಂದೆ ಹೋದರೆ ಎಲ್ಲೋ ಒಂದು ಕಡೆ, ಪಕ್ಕದ ಮನೆಯ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತ ಹೆಣ್ಣುಮಗಳೊಬ್ಬಳು ಸಿಗುತ್ತಾಳೆ.

ಕಂಪ್ಯೂಟರಿನದೂ ಇದೇ ಫಜೀತಿ. ಗುಂಡಿ ಒತ್ತಿದ ಗಳಿಗೆಯಲ್ಲಿ ಅದಕ್ಕೆ ಏನೂ ತಿಳಿದಿರುವುದಿಲ್ಲ. ಅದು ಲೆಕ್ಕ ಮಾಡುವಾಗ ಬಳಸುವ ನೆನಪು ಮಕ್ಕಳ ಸ್ಲೇಟಿನಂಥದು. ಕರೆಂಟು ಹೋದೊಡನೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಕೀಲಿ ಒತ್ತಿದರೆ ಪರದೆಯ ಮೇಲೆ ಅಕ್ಷರ ಮೂಡಿಸುವುದು, ಡಿಸ್ಕಿನಿಂದ ಕಡತ ಹುಡುಕಿ ತೆಗೆಯುವುದು, ಯಾವ ಕೆಲಸಕ್ಕೆ ಎಷ್ಟು ಜಾಗ ಎಂದು ಹಂಚುವುದು ಮುಂತಾದ ಮನೆವಾರ್ತೆಯನ್ನೆಲ್ಲ ನೋಡಿಕೊಳ್ಳುವ ಯಜಮಾನಿಯ ಹೆಸರು ಆಪರೇಟಿಂಗ್ ಸಿಸ್ಟಂ. ಆ ಯಜಮಾನಿ ಮಲಗಿರುವುದು ಡಿಸ್ಕಿನೊಳಗೆ. ಡಿಸ್ಕಿನಿಂದ ಅವಳನ್ನು ಎಬ್ಬಿಸಿ ಕರೆತರಬೇಕಾದರೆ ಡಿಸ್ಕನ್ನು ಓದಲು ಬರಬೇಕು. ಡಿಸ್ಕನ್ನು ಓದುವುದು ಹೇಗೆಂದು ಬಲ್ಲವಳು ಅವಳೇ! ಪೆಟ್ಟಿಗೆಗೆ ಬೀಗ ಹಾಕಿದೆ. ಬೀಗದ ಕೈ ಪೆಟ್ಟಿಗೆಯೊಳಗಿದೆ.

ಈ ಬೀಗವನ್ನು ತೆಗೆಯುತ್ತ ಬಂದವರ ಕಥೆ ಮುಕ್ಕಾಲು ಶತಮಾನಕ್ಕೂ ಹಳೆಯದು. ಅದನ್ನು ಓದುತ್ತ ಹೋದಂತೆ ನನಗೆ ಕಂಡದ್ದು ಯಂತ್ರಗಳಿಗಿಂತ ಹೆಚ್ಚಾಗಿ ಕೈಗಳು.

ಮೊದಲು ಅಮೆರಿಕದ ಫಿಲಡೆಲ್ಫಿಯಾ ನಗರಕ್ಕೆ ಹೋಗೋಣ. ಅಲ್ಲಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯದ ಹಣದಲ್ಲಿ ಎನಿಯಾಕ್ ಎಂಬ ಗಣಕಯಂತ್ರವನ್ನು ಕಟ್ಟಿದರು. ಹಾರಿಸಿದ ತೋಪಿನ ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುವುದು ಅದರ ಕೆಲಸ. ನಮ್ಮ ಹಿರಿಯರ ಮನೆಗಳಲ್ಲಿದ್ದ ದೊಡ್ಡ ರೇಡಿಯೊಗಳಲ್ಲಿ ಬಿಸಿಯಾಗಿ ಕೆಂಪಗೆ ಹೊಳೆಯುವ ನಾಲ್ಕೈದು ವಾಲ್ವುಗಳಿದ್ದುದು ನೆನಪಿದೆಯಲ್ಲವೆ? ಎನಿಯಾಕ್‌ನಲ್ಲಿ ಅಂಥವು ಸುಮಾರು 18,000 ಇದ್ದವು. ಒಂದು ದೊಡ್ಡ ಕೋಣೆಯ ಗೋಡೆಗಳನ್ನೆಲ್ಲ ಅದು ಆವರಿಸಿತ್ತು. ಆದರೆ ಅದಕ್ಕೆ ಆಪರೇಟಿಂಗ್ ಸಿಸ್ಟಂ ಎಂಬುದೇ ಇರಲಿಲ್ಲ. ಹೊಸ ಲೆಕ್ಕ ಬೇಕೆಂದರೆ ವಯರುಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕು, ಸಾವಿರಾರು ಸ್ವಿಚ್ಚುಗಳನ್ನು ತಿರುಗಿಸಬೇಕು. ಒಂದು ಲೆಕ್ಕಕ್ಕೆ ಅಣಿಗೊಳಿಸಲು ದಿನಗಟ್ಟಲೆ ಬೇಕಾಗುತ್ತಿತ್ತು.

ಅದನ್ನು ಅಣಿಗೊಳಿಸುತ್ತಿದ್ದವರು ಆರು ಮಂದಿ ಹೆಣ್ಣುಮಕ್ಕಳು. ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಾಸ್, ರೂತ್ ಲಿಕ್ಟರ್‌ಮನ್. ಯಂತ್ರವನ್ನು ನಡೆಸುವುದು ಹೇಗೆಂದು ತಿಳಿಸುವ ಪುಸ್ತಕ ಆಗ ಇರಲಿಲ್ಲ. ವಯರಿಂಗ್ ನಕ್ಷೆಗಳನ್ನು ಮುಂದಿಟ್ಟುಕೊಂಡು ತಾವೇ ಕಲಿತರು. 1946ರ ಫೆಬ್ರುವರಿಯಲ್ಲಿ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಎಲ್ಲರನ್ನೂ ಬೆರಗುಗೊಳಿಸಿದ ಆ ಗುಂಡಿನ ಪಥದ ಲೆಕ್ಕವನ್ನು ಸಿದ್ಧಪಡಿಸಿದ್ದವರು ಬೆಟ್ಟಿ ಮತ್ತು ಜೀನ್. ಪ್ರದರ್ಶನ ಮುಗಿದ ಮೇಲೆ ಸಂಭ್ರಮದ ಔತಣ ನಡೆಯಿತು. ಈ ಹುಡುಗಿಯರಿಗೆ ಕರೆಯೇ ಇರಲಿಲ್ಲ. ಮುಂದೆ ಎಷ್ಟೋ ವರ್ಷ ಆ ಹಳೆಯ ಫೋಟೋಗಳನ್ನು ನೋಡಿದವರು, ಯಂತ್ರದ ಪಕ್ಕದಲ್ಲಿ ಅಂದಕ್ಕಾಗಿ ನಿಲ್ಲಿಸಿದ ಹುಡುಗಿಯರಿರಬೇಕು ಎಂದುಕೊಂಡರು, ಫ್ರಿಜ್ಜಿನ ಜಾಹೀರಾತಿನಲ್ಲಿ ಬಾಗಿಲು ತೆರೆದು ನಿಲ್ಲುತ್ತಾರಲ್ಲ, ಹಾಗೆ.

ವಯರು ಕಿತ್ತು ಚುಚ್ಚುವ ಈ ಪಾಡು ತಪ್ಪಬೇಕಾದರೆ ಲೆಕ್ಕದ ಅಂಕಿಗಳ ಜೊತೆಗೆ ಲೆಕ್ಕ ಮಾಡುವ ವಿಧಾನವನ್ನೂ ಯಂತ್ರದ ನೆನಪಿನಲ್ಲೇ ಇಡಬೇಕು ಎಂದು ಬಲ್ಲವರು ಯೋಚಿಸಿದರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1948ರ ಜೂನ್ 21ರಂದು ಅಂಥ ಪುಟ್ಟ ಯಂತ್ರವೊಂದು ಕೆಲಸ ಮಾಡಿತು. ಅದರ ಹೆಸರೇ ಬೇಬಿ! ಆ ಮಗುವಿಗೆ ಹೇಳಿಕೊಟ್ಟದ್ದು 17 ಆಜ್ಞೆಗಳ ಒಂದು ಪಾಠ. ಅದನ್ನೂ ಗುಂಡಿಗಳನ್ನು ಒಂದೊಂದಾಗಿ ಒತ್ತಿ, ಸೊನ್ನೆ ಒಂದು, ಸೊನ್ನೆ ಒಂದು ಎಂದು ಕೈಯಿಂದಲೇ ತುಂಬಿದರು. ಹದಿನೇಳಾದರೆ ಒತ್ತಬಹುದು. ಸಾವಿರ ಆಜ್ಞೆಗಳಿದ್ದರೆ?

ಉತ್ತರ ಸಿಕ್ಕಿದ್ದು ಮರುವರ್ಷ, ಕೇಂಬ್ರಿಜ್‌ನಲ್ಲಿ. ಅಲ್ಲಿ ಮಾರಿಸ್ ವಿಲ್ಕ್ಸ್ ಅವರ ತಂಡ ಎಡ್ಸಾಕ್ ಎಂಬ ಗಣಕವನ್ನು ಕಟ್ಟಿತ್ತು. ಆಜ್ಞೆಗಳನ್ನು ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಬರೆಯುತ್ತಿದ್ದರು. ಯಂತ್ರ ಆ ತೂತುಗಳನ್ನು ಓದಿಕೊಂಡು ತನ್ನ ನೆನಪಿನಲ್ಲಿ ತುಂಬಿಕೊಳ್ಳಬೇಕು. ಆದರೆ ಕಾಗದ ಓದುವುದು ಹೇಗೆಂದು ಅದಕ್ಕೆ ಯಾರು ಹೇಳಿಕೊಡಬೇಕು? ಅದರ ನೆನಪು ಪಾದರಸ ತುಂಬಿದ ಕೊಳವೆಗಳಲ್ಲಿ ಶಬ್ದದ ಅಲೆಗಳಾಗಿ ಸುತ್ತುತ್ತಿತ್ತು. ವಿದ್ಯುತ್ ಆರಿದರೆ ಎಲ್ಲ ಶೂನ್ಯ. ಡೇವಿಡ್ ವೀಲರ್ ಎಂಬ ಸಂಶೋಧನಾ ವಿದ್ಯಾರ್ಥಿ, ಇಪ್ಪತ್ತೆರಡರ ಹುಡುಗ, ಇದಕ್ಕೆ ಪರಿಹಾರವಾಗಿ 31 ಆಜ್ಞೆಗಳನ್ನು ಬರೆದ. ಕಾಗದದ ಪಟ್ಟಿಯನ್ನು ಓದಿ ಅರ್ಥ ಮಾಡಿಕೊಳ್ಳಲು ಬೇಕಾದಷ್ಟೇ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಆ 31 ಆಜ್ಞೆಗಳನ್ನು ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬಳಸುತ್ತಿದ್ದ ತಿರುಗುವ ಸ್ವಿಚ್ಚುಗಳಿಗೆ ತಂತಿ ಜೋಡಿಸಿ ಶಾಶ್ವತವಾಗಿ ಕೂಡಿಸಿದರು. ಕರೆಂಟು ಹೋದರೂ ತಂತಿ ಎಲ್ಲಿಗೆ ಹೋಗುತ್ತದೆ? ಗುಂಡಿ ಒತ್ತಿದೊಡನೆ ಆ 31 ಆಜ್ಞೆಗಳು ನೆನಪಿನೊಳಗೆ ಇಳಿಯುತ್ತಿದ್ದವು; ಅವು ಕಾಗದವನ್ನು ಓದುತ್ತಿದ್ದವು; ಕಾಗದದಲ್ಲಿದ್ದ ದೊಡ್ಡ ಲೆಕ್ಕ ಆಮೇಲೆ ಶುರುವಾಗುತ್ತಿತ್ತು. 1949ರ ಮೇ 6ರಂದು ಎಡ್ಸಾಕ್ ಹೀಗೆ ಎದ್ದು ವರ್ಗಸಂಖ್ಯೆಗಳ ಒಂದು ಕೋಷ್ಟಕವನ್ನು ಅಚ್ಚು ಹಾಕಿತು. ಬೀಗದ ಕೈಯನ್ನು ಪೆಟ್ಟಿಗೆಯ ಹೊರಗೆ ಮೊಳೆಗೆ ನೇತುಹಾಕುವ ಜಾಣತನ ಅಂದು ಬಂತು.

ಇದಕ್ಕೊಂದು ಹೆಸರೂ 1950ರ ದಶಕದಲ್ಲಿ ಅಂಟಿಕೊಂಡಿತು. ಇಂಗ್ಲಿಷರ ಬೂಟುಗಳ ಹಿಂಭಾಗದಲ್ಲಿ ಎಳೆದುಕೊಳ್ಳಲು ಒಂದು ಪಟ್ಟಿ ಇರುತ್ತದೆ, ಬೂಟ್‌ಸ್ಟ್ರಾಪ್. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವುದು ಎಂದರೆ, ನಾವು ತನ್ನ ಹೆಗಲ ಮೇಲೆ ತಾನೇ ಹತ್ತಿ ಕೂರುವುದು ಅನ್ನುತ್ತೇವಲ್ಲ, ಅಂಥ ಆಗದ ಮಾತು. ಆಗದ್ದನ್ನು ಮಾಡುವ ಯಂತ್ರಕ್ಕೆ ಅದೇ ಮಾತು ಹೊಂದಿತು. ಬಾಲ ಕತ್ತರಿಸಿ 'ಬೂಟ್' ಆಯಿತು. ಆದರೆ ನೋಡಿ, ಎಡ್ಸಾಕ್ ತನ್ನನ್ನು ತಾನೇ ಎತ್ತಿಕೊಳ್ಳಲಿಲ್ಲ. ವೀಲರನ ಕೈ ಅಲ್ಲಿತ್ತು. ತಂತಿಯೊಳಗೆ ಅಡಗಿತ್ತು, ಅಷ್ಟೇ.

ಈ ಅಡಗಿದ ಕೈಗಳು ಚಂದ್ರಲೋಕದವರೆಗೂ ಹೋಗಿವೆ. ಅಪೊಲೊ ನೌಕೆಯ ಗಣಕದಲ್ಲಿ ಎರಡು ಬಗೆಯ ನೆನಪಿತ್ತು. ಒಂದು ಅಳಿಸಿ ಬರೆಯಬಹುದಾದ ಸಣ್ಣ ಸ್ಲೇಟು, 2,048 ಪದಗಳದು. ಇನ್ನೊಂದು ಅಳಿಸಲಾಗದ್ದು, 36,864 ಪದಗಳದು. ಈ ಎರಡನೆಯದನ್ನು ಅಕ್ಷರಶಃ ನೇಯುತ್ತಿದ್ದರು! ಮ್ಯಾಸಚೂಸೆಟ್ಸ್‌ನ ವಾಲ್ತಮ್ ಊರಿನ ರೇಥಿಯಾನ್ ಕಾರ್ಖಾನೆಯಲ್ಲಿ ಹೆಂಗಸರು ಸಾಲಾಗಿ ಕುಳಿತು, ತಂತಿ ಪೋಣಿಸಿದ ಸೂಜಿಯನ್ನು ಪುಟ್ಟ ಪುಟ್ಟ ಕಾಂತದ ಬಳೆಗಳ ನಡುವೆ ತೂರಿಸುತ್ತಿದ್ದರು. ತಂತಿ ಬಳೆಯೊಳಗೆ ಹೋದರೆ ಒಂದು, ಪಕ್ಕದಲ್ಲಿ ಹಾದುಹೋದರೆ ಸೊನ್ನೆ. ಒಂದು ಎಳೆ ತಪ್ಪಿದರೆ ಒಂದು ಆಜ್ಞೆ ತಪ್ಪಿತು. ನಮ್ಮ ಇಳಕಲ್ಲಿನ ಮಗ್ಗದ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ನೆಲಕ್ಕೆ ಇಳಿಯುತ್ತಿದ್ದಾಗ ಗಣಕದ ಪುಟ್ಟ ಫಲಕದಲ್ಲಿ 1202 ಎಂಬ ಎಚ್ಚರಿಕೆ ಮೂಡಿತು. ಕೆಲಸ ಮಿತಿಮೀರಿದೆ ಎಂದು ಅದರ ಅರ್ಥ. ಆಗ ಗಣಕ ಮಾಡಿದ್ದೇನು ಗೊತ್ತೆ? ಕೈಯಲ್ಲಿದ್ದುದನ್ನೆಲ್ಲ ಕೆಳಗಿಟ್ಟು ಮತ್ತೆ ಹೊಸದಾಗಿ ಆರಂಭವಾಯಿತು. ನೌಕೆಯನ್ನು ಇಳಿಸುವ ಮುಖ್ಯ ಕೆಲಸವನ್ನು ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಎತ್ತಿಕೊಂಡಿತು. ಅಷ್ಟು ಮುಖ್ಯವಲ್ಲದ್ದನ್ನು ಬಿಟ್ಟುಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಹಲವು ಸಲ ಹೀಗಾಯಿತು. ಹೀಗೆ ಸಾವರಿಸಿಕೊಂಡು ಏಳುವಂತೆ ತಂತ್ರಾಂಶವನ್ನು ಬರೆದ ತಂಡದಲ್ಲಿ ಮಾರ್ಗರೆಟ್ ಹ್ಯಾಮಿಲ್ಟನ್ ಪ್ರಮುಖರು. ಎಷ್ಟು ಸಲ ಬಿದ್ದೆದ್ದರೂ ಅಳಿಯದೆ ಉಳಿಯುವಂತೆ ಅದನ್ನು ತಂತಿಯಲ್ಲಿ ನೇಯ್ದಿದ್ದವರು ವಾಲ್ತಮ್ಮಿನ ಹೆಂಗಸರು. ಒಲೆಯ ಮೇಲೆ ಹಾಲು ಉಕ್ಕುವಾಗಲೇ ಫೋನು ಬಾರಿಸಿ, ಬಾಗಿಲು ತಟ್ಟಿ, ಮಗು ಅತ್ತರೆ ನಾವು ಮೊದಲು ಹಾಲಿನ ಪಾತ್ರೆಯನ್ನೇ ಇಳಿಸುತ್ತೇವಲ್ಲ, ಆ ವಿವೇಕವನ್ನು ಯಂತ್ರಕ್ಕೂ ಕಲಿಸಿದ್ದರು.

ಕಂಪ್ಯೂಟರು ಚಿಕ್ಕದಾಗಿ ಮೇಜಿನ ಮೇಲೆ ಬಂದಾಗ ಮಾತ್ರ ಕಥೆ ಮತ್ತೆ ಮೊದಲಿಗೇ ಬಂತು. 1975ರಲ್ಲಿ ಅಮೆರಿಕದಲ್ಲಿ ಆಲ್ಟೇರ್ ಎಂಬ ಯಂತ್ರ ಮಾರಾಟಕ್ಕೆ ಬಂತು. ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂದೆ ಸಾಲು ಸ್ವಿಚ್ಚುಗಳು, ಪುಟ್ಟ ದೀಪಗಳು. ಎಬ್ಬಿಸಬೇಕಾದರೆ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಆಜ್ಞೆ ತುಂಬಬೇಕು. ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ಗೆಳೆಯರು ಈ ಯಂತ್ರಕ್ಕಾಗಿ ಬೇಸಿಕ್ ಎಂಬ ಭಾಷೆಯನ್ನು ಸಿದ್ಧಪಡಿಸಿದರು. ಅದನ್ನು ತೋರಿಸಲು ಆಲೆನ್ ವಿಮಾನ ಹತ್ತಿ ಆಲ್ಬುಕರ್ಕಿಗೆ ಹೊರಟರು. ವಿಮಾನ ಇಳಿಯುವ ಹೊತ್ತಿಗೆ ನೆನಪಾಯಿತು: ಕಾಗದದ ಪಟ್ಟಿಯಲ್ಲಿ ಬೇಸಿಕ್ ಏನೋ ಇದೆ, ಅದನ್ನು ಯಂತ್ರದೊಳಗೆ ಕರೆದುಕೊಳ್ಳುವ ಆರಂಭದ ಆಜ್ಞೆಗಳನ್ನೇ ಬರೆದಿಲ್ಲ! ಮದುವೆಗೆ ದಿಬ್ಬಣ ಹೊರಡಿಸಿಕೊಂಡು ತಾಳಿಯನ್ನು ಮನೆಯಲ್ಲೇ ಬಿಟ್ಟಂತಾಯಿತು. ಕುಳಿತಲ್ಲೇ ಕಾಗದ ತೆಗೆದು ಬರೆದರು. ಮರುದಿನ ಅದನ್ನು ಸ್ವಿಚ್ಚುಗಳಿಂದ ತುಂಬಿದರು. ಯಂತ್ರ ಎದ್ದಿತು, ಎರಡು ಮತ್ತು ಎರಡು ಎಷ್ಟು ಎಂದರೆ ನಾಲ್ಕು ಎಂದಿತು.

1981ರ ಆಗಸ್ಟ್ 12ರಂದು ಐಬಿಎಂ ಕಂಪನಿಯ ಪಿಸಿ ಹೊರಬಂತು. ನಾವೆಲ್ಲ ಕಂಡು ಬಳಸಿದ ಕಂಪ್ಯೂಟರುಗಳ ಮನೆತನ ಇದೇ. ಇದರ ಏಳುವ ಕ್ರಮ ಬಲು ಸ್ವಾರಸ್ಯದ್ದು. ಅದರ ಪ್ರೊಸೆಸರಿಗೆ ಕಾಣುತ್ತಿದ್ದ ನೆನಪಿನ ಬೀದಿಯಲ್ಲಿ ಹತ್ತು ಲಕ್ಷದ ಮೇಲೆ ಚಿಲ್ಲರೆ ಮನೆಗಳು. ಕರೆಂಟು ಬಂದೊಡನೆ ಅದು ಕಣ್ಣು ಮುಚ್ಚಿಕೊಂಡು ಒಂದೇ ಮನೆಗೆ ಹೋಗುತ್ತಿತ್ತು, ಬೀದಿಯ ಕೊನೆಯಿಂದ 16 ಮನೆ ಹಿಂದಿನದು. ಅಲ್ಲೊಂದು ಚೀಟಿ: 'ಇಂಥ ಕಡೆಗೆ ಹೋಗು.' ಅಲ್ಲಿ ಬಯಾಸ್ ಎಂಬ ಅಳಿಯದ ಬರಹ, ಚಿಪ್ಪಿನಲ್ಲಿ ಕೊರೆದದ್ದು. ಬಯಾಸ್ ಮೊದಲು ಮನೆಯನ್ನೆಲ್ಲ ಒಮ್ಮೆ ಸುತ್ತಿ ನೋಡುತ್ತದೆ: ನೆನಪು ಸರಿಯಿದೆಯೇ, ಕೀಲಿಮಣೆ ಇದೆಯೇ? ಸರಿಯಿದ್ದರೆ 'ಬೀಪ್' ಎಂದು ಒಂದು ಸದ್ದು. ಆಮೇಲೆ ಡಿಸ್ಕಿನ ಮೊಟ್ಟಮೊದಲ ಖಾನೆಯನ್ನು ಮಾತ್ರ ಓದುತ್ತದೆ. ಅದು 512 ಅಕ್ಷರಗಳಷ್ಟು, ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು. ಆ ಕಾರ್ಡಿನಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ಕಡತಗಳು ಎಲ್ಲಿವೆ, ಅವನ್ನು ಹೇಗೆ ಕರೆತರಬೇಕು ಎಂದಿರುತ್ತದೆ. ಚಿಕ್ಕದು ತನಗಿಂತ ದೊಡ್ಡದನ್ನು ಕರೆಯುತ್ತದೆ. ಅದು ಇನ್ನೂ ದೊಡ್ಡದನ್ನು. ಕೊನೆಗೆ ಡಾಸ್ ಬಂದು ಕೂತು ಪರದೆಯ ಮೇಲೆ ಮಿನುಗುವ ಗೆರೆಯೊಂದನ್ನು ತೋರಿಸುತ್ತದೆ: 'ನಾನು ಸಿದ್ಧ, ಏನಪ್ಪಣೆ?'

ನಮ್ಮ ತಾಲ್ಲೂಕಿನ ಕಚೇರಿಯೊಂದಕ್ಕೆ 1992ರಲ್ಲಿ ಇಂಥದೊಂದು ಯಂತ್ರ ಬಂದಾಗ ನಾನಲ್ಲಿ ಟೈಪಿಸ್ಟ್ ಆಗಿದ್ದೆ. ಇಡೀ ಕಚೇರಿಯಲ್ಲಿ ಏರ್‌ಕಂಡೀಶನ್ ಇದ್ದುದು ಆ ಕೋಣೆಗೆ ಮಾತ್ರ. ಧೂಳು ಆಗದೆಂದು ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಚಪ್ಪಲಿ ಬಿಟ್ಟು ಒಳಗೆ ಹೋಗಿ 'ಬೂಟ್' ಮಾಡುವುದು ನಮ್ಮ ತಮಾಷೆಯಾಗಿತ್ತು. ಆಯುಧಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ, ಸೇವಂತಿಗೆ ಹೂವು. ಅದಕ್ಕೆ ಹಾರ್ಡ್ ಡಿಸ್ಕ್ ಇರಲಿಲ್ಲ. ದಿನಾ ಬೆಳಿಗ್ಗೆ ಡಾಸ್ ಇರುವ ಫ್ಲಾಪಿಯನ್ನು ಕವರಿನಿಂದ ತೆಗೆದು, ಬೆರಳು ತಾಗದಂತೆ ಹಿಡಿದು, ಮೇಲಿನ ಡ್ರೈವಿಗೆ ತೂರಿಸಿ, ಹಿಡಿಯನ್ನು ತಿರುಗಿಸಿ ಸ್ವಿಚ್ ಹಾಕಬೇಕು. ಕರ್‍ರ್ ಕರ್‍ರ್ ಎಂದು ಸದ್ದು ಮಾಡಿ ಎದ್ದ ಮೇಲೆ ಅದು ಕೇಳುತ್ತಿದ್ದ ಮೊದಲ ಪ್ರಶ್ನೆ ಇವತ್ತು ಯಾವ ತಾರೀಖು ಎಂದು. ಅದರ ಪಾಲಿಗೆ ಪ್ರತಿ ಬೆಳಗೂ 1980ರ ಜನವರಿ 1, ಮಂಗಳವಾರ! ನಾನು ಗೋಡೆಯ ಕ್ಯಾಲೆಂಡರ್ ನೋಡಿ ದಿನ ಹೇಳಿ, ಗಡಿಯಾರ ನೋಡಿ ಹೊತ್ತು ಹೇಳುತ್ತಿದ್ದೆ. ಆಮೇಲೆ ಡಾಸ್ ಫ್ಲಾಪಿ ತೆಗೆದು ಸಂಬಳದ ಪಟ್ಟಿಯ ಫ್ಲಾಪಿ ಹಾಕಬೇಕು.

ವರ್ಷದ ಕೊನೆಯಲ್ಲಿ ಯಾರು ಯಾರು ಏನು ಕೆಲಸ ಮಾಡುತ್ತಾರೆಂದು ಪಟ್ಟಿ ಮಾಡಿದರು. ನನ್ನ ಹೆಸರಿನ ಮುಂದೆ ಟೈಪಿಂಗ್ ಎಂದಷ್ಟೇ ಇತ್ತು. ನಾನು ಕೇಳಿದ್ದಕ್ಕೆ ಮೇಲಧಿಕಾರಿಗಳು ನಕ್ಕರು. "ಸ್ವಿಚ್ ಹಾಕೋದೂ ಒಂದು ಕೆಲಸವೇನಮ್ಮಾ?"

ನಾನು ಏನೂ ಹೇಳಲಿಲ್ಲ. ಮುಂದಿನ ತಿಂಗಳ ಕೊನೆಗೆ ತಂಗಿಯ ಮದುವೆಗೆಂದು ನಾಲ್ಕು ದಿನ ರಜ ಹಾಕಿದೆ. ಆ ನಾಲ್ಕು ದಿನವೂ ಯಂತ್ರ ಏಳಲಿಲ್ಲ. ಯಾರೋ ಸಂಬಳದ ಫ್ಲಾಪಿಯನ್ನೇ ಮೊದಲು ತೂರಿಸಿದ್ದರು. ಇದರಲ್ಲಿ ಸಿಸ್ಟಂ ಇಲ್ಲ, ಬೇರೆ ಡಿಸ್ಕ್ ಹಾಕಿ ಎಂದು ಪರದೆ ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು. ಯಂತ್ರ ಕೆಟ್ಟಿದೆ ಎಂದು ಬೆಂಗಳೂರಿಗೆ ಫೋನು ಹೋಯಿತು. ಆ ತಿಂಗಳು ಎಲ್ಲರ ಸಂಬಳ ತಡವಾಯಿತು. ಅಟೆಂಡರ್ ಕೆಲಸದ ವಿಧವೆಯೊಬ್ಬರು ಮಗನ ಫೀಸು ಕಟ್ಟಲು ಕೈಬಳೆ ಅಡವಿಟ್ಟದ್ದು ನಾನು ಬಂದ ಮೇಲೆ ತಿಳಿಯಿತು. ಸರಿಯಾದ ಫ್ಲಾಪಿ ಹಾಕಿದೆ, ಬೀಪ್ ಎಂದಿತು. ಮುಂದಿನ ವರ್ಷದ ಪಟ್ಟಿಯಲ್ಲೂ ನನ್ನ ಹೆಸರಿನ ಮುಂದೆ ಟೈಪಿಂಗ್ ಎಂದೇ ಇತ್ತು.

ಮೊದಲ ಮಾತಿನ ಬೆಲೆ ಎಷ್ಟೆಂದು ಒಳ್ಳೆಯವರಿಗಿಂತ ಮೊದಲು ಕಿಡಿಗೇಡಿಗಳಿಗೆ ತಿಳಿಯುತ್ತದೆ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ 'ಬ್ರೇನ್' ಎಂಬ ವೈರಸ್ ಜಗತ್ತನ್ನೆಲ್ಲ ಸುತ್ತಿತು. ಪಿಸಿಗೆ ಬಂದ ಮೊದಲ ವೈರಸ್ ಇದೇ. ಅದು ಹೋಗಿ ಕೂತದ್ದು ಫ್ಲಾಪಿಯ ಮೊದಲ ಖಾನೆಯಲ್ಲಿ, ಆ ಅಂಚೆ ಕಾರ್ಡಿನ ಜಾಗದಲ್ಲಿ. ಯಂತ್ರ ಕಣ್ಣು ಬಿಟ್ಟೊಡನೆ ಮೊದಲು ಕೇಳುವುದು ಆ ಕಾರ್ಡಿನ ಮಾತನ್ನು. ಯಾರು ಬರೆದರೆಂದು ಅದು ಕೇಳುವುದಿಲ್ಲ. ಹೆಪ್ಪು ಕೆಟ್ಟದ್ದಾದರೆ ಹಾಲು ಎಷ್ಟು ಒಳ್ಳೆಯದಾದರೇನು?

ಆದ್ದರಿಂದ ಈಗಿನ ಯಂತ್ರಗಳು ಕೇಳುತ್ತವೆ. ಬಯಾಸ್ ಜಾಗಕ್ಕೆ ಯುಇಎಫ್‌ಐ ಎಂಬ ಹೊಸ ಪದ್ಧತಿ ಬಂದಿದೆ. ಅದನ್ನು ನೋಡಿಕೊಳ್ಳಲು ಹಲವು ಕಂಪನಿಗಳು 2005ರಲ್ಲಿ ಒಂದು ಕೂಟ ಕಟ್ಟಿಕೊಂಡವು. 2012ರಿಂದೀಚೆಗೆ ಬಂದ ಬಹುಪಾಲು ವಿಂಡೋಸ್ ಯಂತ್ರಗಳು ಏಳುವಾಗ, ಬರುವ ಪ್ರತಿಯೊಂದು ಬರಹದ ಮೇಲೂ ಸರಿಯಾದ ಮೊಹರು ಇದೆಯೇ ಎಂದು ಪರೀಕ್ಷಿಸಿ ಒಳಗೆ ಬಿಡುತ್ತವೆ. ನಿಮ್ಮ ಕೈಯಲ್ಲಿರುವ ಫೋನಿನದೂ ಇದೇ ಸಾಲು. ಚಿಪ್ಪಿನಲ್ಲಿ ಅಳಿಯದಂತೆ ಕೊರೆದ ಚಿಕ್ಕ ಬರಹ ಎದ್ದು, ಮೊಹರು ನೋಡಿ, ಇನ್ನೊಂದನ್ನು ಎಬ್ಬಿಸುತ್ತದೆ. ಅದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು ಎಬ್ಬಿಸುತ್ತದೆ. ತಿರುಳು ಉಳಿದವರನ್ನೆಲ್ಲ ಎಬ್ಬಿಸುತ್ತದೆ. ಪರದೆಯ ಮೇಲೆ ಕಂಪನಿಯ ಗುರುತು ಹೊಳೆಯುವ ಆ ಅರೆನಿಮಿಷದಲ್ಲಿ ವೀಲರನ 31 ಆಜ್ಞೆಗಳ ಸಂತತಿ ಇಷ್ಟೆಲ್ಲ ಕೆಲಸ ಮುಗಿಸಿರುತ್ತದೆ. ಎಲ್ಲ ತನ್ನಷ್ಟಕ್ಕೆ ತಾನೇ ಆಯಿತೆಂದು ನಮಗನ್ನಿಸುತ್ತದೆ.

2024ರ ಜುಲೈ 19ರಂದು ಆ ಭ್ರಮೆ ಒಂದು ದಿನದ ಮಟ್ಟಿಗೆ ಹರಿಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷವಿದ್ದ ಒಂದು ಕಡತದಿಂದಾಗಿ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ಏಳುವುದು, ಅರ್ಧಕ್ಕೆ ಬೀಳುವುದು, ಮತ್ತೆ ಏಳುವುದು, ಮತ್ತೆ ಬೀಳುವುದು ಮಾಡತೊಡಗಿದವು. ಮೈಕ್ರೋಸಾಫ್ಟ್‌ನ ಅಂದಾಜಿನಲ್ಲಿ ಅಂಥವು 85 ಲಕ್ಷ. ವಿಮಾನಗಳು ನಿಂತವು, ಆಸ್ಪತ್ರೆಗಳು ತತ್ತರಿಸಿದವು. ನಮ್ಮ ದೇಶದ ವಿಮಾನ ನಿಲ್ದಾಣದಲ್ಲಿ ಪೆನ್ನಿನಿಂದ ಬರೆದುಕೊಟ್ಟ ಬೋರ್ಡಿಂಗ್ ಪಾಸುಗಳ ಚಿತ್ರ ಎಲ್ಲರ ಫೋನಿನಲ್ಲೂ ಹರಿದಾಡಿತು. ದೂರದಿಂದ ಸರಿಪಡಿಸೋಣವೆಂದರೆ, ಏಳದ ಯಂತ್ರಕ್ಕೆ ದೂರದ ಮಾತು ಕೇಳಿಸುವುದಾದರೂ ಹೇಗೆ? ಹೆಚ್ಚಿನ ಕಡೆ ಒಬ್ಬರು ಪ್ರತಿ ಯಂತ್ರದ ಮುಂದೆ ಹೋಗಿ ನಿಂತು, ಕೀಲಿ ಒತ್ತಿ, ಆ ಕಡತವನ್ನು ಅಳಿಸಿ, ಕೈಯಾರೆ ಎಬ್ಬಿಸಬೇಕಾಯಿತು. ಒಂದಾದ ಮೇಲೆ ಒಂದು. ರಾತ್ರಿಯಿಡೀ.

ಹಾಗೆ ಎಬ್ಬಿಸುತ್ತ ಓಡಾಡಿದವರು ಯಾರೆಂದು ಯಾವ ಪತ್ರಿಕೆಯ ಮೊದಲ ಪುಟವೂ ಹೇಳಲಿಲ್ಲ. ಸ್ವಿಚ್ ಹಾಕುವುದೂ ಒಂದು ಕೆಲಸವೇ? ಫಿಲಡೆಲ್ಫಿಯಾದ ಆ ಆರು ಮಂದಿಯನ್ನು ಗುರುತಿಸಿ ಗೌರವದ ಪಟ್ಟಿಯಲ್ಲಿ ಹೆಸರು ಬರೆದದ್ದು 1997ರಲ್ಲಿ. ಔತಣ ಮುಗಿದು ಐವತ್ತೊಂದು ವರ್ಷಗಳಾಗಿದ್ದವು. ಆ ಹೊತ್ತಿಗೆ ರೂತ್ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು.